ಪಿಕಪ್ ಗಾಡಿ ಸ್ಟೇರಿಂಗ್ ಗಡಗಡ ಅಲ್ಲಾಡುತ್ತಾ? ಸ್ಟೆಬಿಲೈಜರ್ ಹಾಕಿಸೋ ಮುಂಚೆ ಇದನ್ನು ಓದಿ

ಗಾಡಿ 70–80ರ ಸ್ಪೀಡಿನಲ್ಲಿ ಹೋಗುತ್ತಿರುತ್ತೆ. ಮುಂದಿನ ಚಕ್ರ ಒಂದು ಗುಂಡಿಗೆ ಇಳಿಯುತ್ತೆ. ಅಷ್ಟೇ, ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಗಡಗಡ ಹೊಡೆಯೋಕೆ ಶುರುವಾಗಿ, ಸ್ಪೀಡ್ ಇಳಿಸುವವರೆಗೂ ನಿಲ್ಲಲ್ಲ. ಹಳೇ ಜೀಪು, ಲೋಡ್ ಪಿಕಪ್ ಓಡಿಸಿದವರಿಗೆ ಈ ಅನುಭವ ಹೊಸದಲ್ಲ. ಇದಕ್ಕೆ ಸಿಗುವ ಸುಲಭದ ಸಲಹೆ: "ಒಂದು ಸ್ಟೆಬಿಲೈಜರ್ ಹಾಕಿಸಿ, ಸರಿಹೋಗುತ್ತೆ."

ನಿಜವಾಗಲೂ ಸರಿಹೋಗುತ್ತಾ? ಗಾಡಿ ಸರಿಯಾಗಿದ್ದರೆ ಇದರಿಂದ ಸ್ವಲ್ಪ ಅನುಕೂಲ ಇದೆ. ಗಾಡಿಯಲ್ಲಿ ದೋಷ ಇದ್ದರೆ ಮಾತ್ರ ಇದು ದೋಷವನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಪೂರ್ತಿ ವಿವರ ಇಲ್ಲಿದೆ.

ಏನಿದು ಸ್ಟೆಬಿಲೈಜರ್?

ಸ್ಟೇರಿಂಗ್ ಡ್ಯಾಂಪರ್ ಅಂತಲೂ ಕರೆಯುತ್ತಾರೆ. ನೋಡಲು ಶಾಕ್ ಅಬ್ಸಾರ್ಬರ್ ಥರಾನೇ, ಆದರೆ ಅಡ್ಡಡ್ಡ ಮಲಗಿರುತ್ತದೆ. ಒಂದು ತುದಿ ಆಕ್ಸಲ್ ಅಥವಾ ಚಾಸಿಗೆ, ಇನ್ನೊಂದು ತುದಿ ಸ್ಟೇರಿಂಗ್ ರಾಡಿಗೆ. ಒಳಗಿರುವ ಆಯಿಲ್ ಸಣ್ಣ ತೂತುಗಳ ಮೂಲಕ ಹಾಯಬೇಕು. ಹಾಗಾಗಿ ನಿಧಾನಕ್ಕೆ ತಿರುಗಿಸಿದರೆ ತಡೆ ಗೊತ್ತಾಗಲ್ಲ, ಚಕ್ರಕ್ಕೆ ದಿಢೀರ್ ಏಟು ಬಿದ್ದಾಗ ಗಟ್ಟಿಯಾಗಿ ತಡೆಯುತ್ತದೆ. ಇದರ ಕೆಲಸ ಇಷ್ಟೇ. ತಿರುವಿನಲ್ಲಿ ಗಾಡಿ ವಾಲುವುದು, ಬ್ರೇಕ್ ಹಿಡಿತ, ಒಂದು ಪಕ್ಕಕ್ಕೆ ಎಳೆಯುವುದು ಇವಕ್ಕೂ ಇದಕ್ಕೂ ಸಂಬಂಧ ಇಲ್ಲ.

ಯಾವ ಗಾಡಿಗೆ ಈ ಕಾಟ?

ಮುಂದಿನ ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ ಕೂತಿರುವ ಗಾಡಿಗಳಿಗೆ. ಒಂದು ಚಕ್ರಕ್ಕೆ ಬಿದ್ದ ಏಟು ಆಕ್ಸಲ್ ಮೂಲಕ ಇನ್ನೊಂದಕ್ಕೂ ಹೋಗುತ್ತದೆ, ಎರಡೂ ಸೇರಿ ತೂಗಾಡತೊಡಗುತ್ತವೆ. ಹಳೇ ಮಹೀಂದ್ರಾ ಜೀಪುಗಳು ಈ ಜಾತಿಯವು. ಲೋಡ್ ಪಿಕಪ್‌ಗಳಲ್ಲಿ ಮಾಡೆಲ್ ಮೇಲೆ ಹೋಗುತ್ತದೆ, ಒಮ್ಮೆ ಮುಂದಿನಿಂದ ಬಗ್ಗಿ ನೋಡಿ. ಟೊಯೋಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್‌ನಲ್ಲಿ ಮುಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇರುವುದರಿಂದ ಈ ರೀತಿಯ ಹೊಡೆತ ಬರುವುದಿಲ್ಲ. ಅಲ್ಲಿ ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್, ಟೈರು, ಡಿಸ್ಕ್ ನೋಡಿಸಬೇಕು.

ಅಮೆರಿಕದಲ್ಲಿ ಆಗಿದ್ದೇನು?

ಈ ಚರ್ಚೆ ಜೋರಾಗಿರುವುದು ಅಮೆರಿಕದಲ್ಲಿ. ಫೋರ್ಡ್ ಎಫ್-250, ರಾಮ್ 2500 ಥರದ ಭಾರೀ ಪಿಕಪ್‌ಗಳು ಅಲ್ಲಿ ಮನೆಮನೆಯ ಗಾಡಿ. ಈ ಹೊಡೆತಕ್ಕೆ ಅಲ್ಲಿನವರು ಇಟ್ಟ ಹೆಸರೇ 'ಡೆತ್ ವಾಬಲ್'. ಕಂಪನಿಯಿಂದಲೇ ಒಂದು ಡ್ಯಾಂಪರ್ ಇರುತ್ತದೆ. ಅದರ ಬದಲು ಇನ್ನೂ ದಪ್ಪದ್ದು, ಇಲ್ಲವೇ ಜೋಡಿ ಡ್ಯಾಂಪರ್ ಮಾರುವ ದೊಡ್ಡ ವ್ಯಾಪಾರವೇ ಅಲ್ಲಿದೆ.

2019ರಲ್ಲಿ ಜೀಪ್ ರ‍್ಯಾಂಗ್ಲರ್ ಗಾಡಿಗಳಿಗೆ ಕಂಪನಿಯೇ ಉಚಿತವಾಗಿ ಹೊಸ ಡ್ಯಾಂಪರ್ ಹಾಕಿಕೊಟ್ಟಿತು. "ಹಾಗಾದ್ರೆ ಡ್ಯಾಂಪರೇ ಮದ್ದಲ್ವಾ?" ಅನ್ನಬಹುದು. ಅಲ್ಲಿ ಮೊದಲಿದ್ದ ಡ್ಯಾಂಪರೇ ಚಳಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕೆಟ್ಟ ಪಾರ್ಟ್ ಬದಲಾಯಿಸುವುದು ಬೇರೆ, ಸವೆದ ಜಾಯಿಂಟ್ ಬಿಟ್ಟು ಡ್ಯಾಂಪರ್ ಹಾಕುವುದು ಬೇರೆ.

ಇನ್ನೊಂದು ಉದಾಹರಣೆ ನೋಡಿ. 2013ರಲ್ಲಿ ಕ್ರೈಸ್ಲರ್ ಕಂಪನಿ ಸುಮಾರು 12 ಲಕ್ಷ ರಾಮ್ ಗಾಡಿಗಳನ್ನು ವಾಪಸ್ ಕರೆಯಿತು. ಕಾರಣ ಟೈ ರಾಡ್. ಅದು ಮುರಿದರೆ ಸ್ಟೇರಿಂಗೇ ಕೈಬಿಡುವ ಅಪಾಯ ಇತ್ತು. ಎಷ್ಟು ದುಬಾರಿ ಡ್ಯಾಂಪರ್ ಹಾಕಿದರೂ ಅಂಥ ಅಪಾಯ ತಪ್ಪುವುದಿಲ್ಲ.

ಮೊದಲು ನೋಡಬೇಕಾದ್ದು

• ಟೈರ್: ಗಾಳಿ ಎರಡೂ ಕಡೆ ಒಂದೇ ಇದೆಯಾ, ಒಂದೇ ಪಕ್ಕ ಸವೆದಿದೆಯಾ, ಬ್ಯಾಲೆನ್ಸಿಂಗ್ ಯಾವಾಗ ಮಾಡಿಸಿದ್ದು?

• ಜಾಯಿಂಟ್‌ಗಳು: ಗಾಡಿ ನೆಲದ ಮೇಲೇ ಇರಲಿ, ಇಂಜಿನ್ ಚಾಲೂ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಸ್ಟೇರಿಂಗ್ ಅನ್ನು ಸ್ವಲ್ಪ ಸ್ವಲ್ಪ ಎಡ-ಬಲ ಆಡಿಸಲಿ, ಮೆಕ್ಯಾನಿಕ್ ಪಕ್ಕದಿಂದ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಸ್ಟೇರಿಂಗ್ ಬಾಕ್ಸ್ ಬೋಲ್ಟುಗಳನ್ನು ನೋಡಲಿ. ಎಲ್ಲಿ 'ಪ್ಲೇ' ಇದೆ ಅಂತ ಕಣ್ಣಿಗೇ ಕಾಣುತ್ತದೆ.

• ಬೇರಿಂಗ್, ಕಿಂಗ್ ಪಿನ್, ಬಾಲ್ ಜಾಯಿಂಟ್: ಮುಂದೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಬಾರದು.

• ಲೀಫ್ ಸ್ಪ್ರಿಂಗ್: ಬುಷ್ ಸವೆತ, ಸಡಿಲ ಯು-ಬೋಲ್ಟ್, ಮುರಿದ ಪ್ಲೇಟ್.

• ಅಲೈನ್‌ಮೆಂಟ್: ಗಾಡಿ ಎತ್ತರಿಸಿದ್ದರೆ, ಪ್ಲೇಟ್ ಸೇರಿಸಿದ್ದರೆ ಕ್ಯಾಸ್ಟರ್ ಆಂಗಲ್ ಬದಲಾಗಿರುತ್ತದೆ. ಅದನ್ನೂ ಚೆಕ್ ಮಾಡಿಸಿ.

ಲೋಡ್ ಹೊಡೆಯುವವರಿಗೆ ಇನ್ನೊಂದು ಮಾತು. ತೂಕವೆಲ್ಲ ಹಿಂದಿನ ಬಾಗಿಲ ಕಡೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲಿದಂತಾಗುತ್ತದೆ. ಅದಕ್ಕೆ ಬೇಕಿರುವುದು ಡ್ಯಾಂಪರ್ ಅಲ್ಲ, ಲೋಡನ್ನು ಕ್ಯಾಬಿನ್ ಕಡೆಗೆ ಜೋಡಿಸುವುದು, ಹೆಚ್ಚಿನದನ್ನು ಇಳಿಸುವುದು.

ಹಾಗಾದರೆ ಯಾವಾಗ ಉಪಯೋಗ?

ಮೇಲಿನದೆಲ್ಲ ಸರಿ ಇದ್ದೂ ದೊಡ್ಡ ಟೈರ್ ಹಾಕಿಸಿದ್ದರೆ, ದಿನಾ ಕಲ್ಲು-ಗುಂಡಿಯ ದಾರಿಯಲ್ಲಿ ಓಡಾಟ ಇದ್ದರೆ ಒಳ್ಳೆಯ ಡ್ಯಾಂಪರ್ ಕೈಗೆ ಬೀಳುವ ಏಟು ತಗ್ಗಿಸುತ್ತದೆ. ಹಳೇ ಡ್ಯಾಂಪರ್ ಆಯಿಲ್ ಸೋರುತ್ತಿದ್ದರೆ, ಒಂದು ತುದಿ ಬಿಚ್ಚಿ ಕೈಯಲ್ಲಿ ಎಳೆದಾಗ ನಡುವೆ ತಡೆಯೇ ಇಲ್ಲದಿದ್ದರೆ ಬದಲಾಯಿಸಲೇಬೇಕು. ಇಷ್ಟು ಬಿಟ್ಟರೆ, ಸರಿಯಾಗಿ ಓಡುವ ಗಾಡಿಗೆ ಜೋಡಿ ಡ್ಯಾಂಪರ್ ದುಡ್ಡು ದಂಡ. ತೀರಾ ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲು ತಡವಾಗುತ್ತದೆ.

ಹಾಕಿಸುವಾಗ ಗಮನಿಸಿ

ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗುತ್ತದೆಯೇ, ಡ್ಯಾಂಪರ್ ಎಲ್ಲಾದರೂ ತಾಗುತ್ತದೆಯೇ ನೋಡಿ. ಗ್ಯಾಸ್ ತುಂಬಿದ ಒಂಟಿ ಡ್ಯಾಂಪರ್ ಒಂದು ಪಕ್ಕಕ್ಕೆ ಸ್ವಲ್ಪ ತಳ್ಳಬಹುದು. ಹಾಕಿಸಿದ ಮೇಲೆ ಗಾಡಿ ಎಳೆಯತೊಡಗಿದರೆ ಅದನ್ನೇ ಮೊದಲು ಅನುಮಾನಿಸಿ. ವಾರಂಟಿ ಇರುವ ಗಾಡಿಯಾದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಮುಂದುವರಿಯಿರಿ.

ದಾರಿಯಲ್ಲಿ ಹೊಡೆಯಲು ಶುರುವಾದರೆ

ಗಾಬರಿಯಲ್ಲಿ ಜೋರು ಬ್ರೇಕ್ ಒತ್ತಬೇಡಿ. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಸ್ಪೀಡ್ ಇಳಿಸುತ್ತಾ ಎಡಕ್ಕೆ ನಿಲ್ಲಿಸಿ. ನಿಂತ ಮೇಲೆ ಹೊಡೆತ ಹೋಯ್ತಲ್ಲ ಅಂತ ಮರೆಯಬೇಡಿ. ಆ ಗಾಡಿಗೆ ಮತ್ತೆ ಲೋಡ್ ಹಾಕುವ ಮುಂಚೆ ಗ್ಯಾರೇಜಿಗೆ ಹೋಗಬೇಕು. ಅಲ್ಲಿ "ಸ್ಟೆಬಿಲೈಜರ್ ಹಾಕಿ" ಅನ್ನುವ ಬದಲು "ಎಲ್ಲಿ ಪ್ಲೇ ಇದೆ ತೋರಿಸಿ" ಅನ್ನಿ. ಟೈ ರಾಡ್ ಎಂಡ್ ಬದಲಾಯಿಸುವ ಖರ್ಚು ಮುಂದೂಡಿದರೆ, ಅಪಾಯ ನಿಮಗಷ್ಟೇ ಅಲ್ಲ, ಎದುರಿಗೆ ಬರುವ ಬೈಕ್ ಸವಾರರಿಗೂ ಇದೆ.