ರಷ್ಯಾದ ಸಿಂಹಾಸನ ಮತ್ತು ಉತ್ತರಾಧಿಕಾರದ ಸಮಸ್ಯೆ (1722–1917)

ರಾಜಪ್ರಭುತ್ವದ ಬಲಾಬಲಗಳು ಸ್ಪಷ್ಟವಾಗಿ ಗೋಚರಿಸುವುದು ಅರಸನ ಆಳ್ವಿಕೆಯ ಕಾಲಕ್ಕಿಂತ ಹೆಚ್ಚಾಗಿ ಅವನ ಮರಣದ ಸಂದರ್ಭದಲ್ಲಿ. ರಷ್ಯಾದ ರೊಮನೋವ್ ವಂಶದ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನ. ಹದಿನೆಂಟನೆಯ ಶತಮಾನದ ರಷ್ಯಾವನ್ನು ಅರಮನೆಯ ಕ್ಷಿಪ್ರಕ್ರಾಂತಿಗಳ ಯುಗವೆಂದು ಇತಿಹಾಸಕಾರರು ಕರೆದಿದ್ದಾರೆ. ಈ ಅಸ್ಥಿರತೆಯ ಮೂಲವನ್ನು ಸಾಮ್ರಾಜ್ಯದ ಸ್ಥಾಪಕನಾದ ಮೊದಲನೆಯ ಪೀಟರನ ಶಾಸನವೊಂದರಲ್ಲಿಯೇ ಗುರುತಿಸಬಹುದು. (ಇಲ್ಲಿನ ದಿನಾಂಕಗಳು ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗವನ್ನು ಅನುಸರಿಸಿವೆ.)

ಪೀಟರನ ಹಿರಿಯ ಮಗ ಅಲೆಕ್ಸಿ ತಂದೆಯ ಸುಧಾರಣೆಗಳಿಗೆ ವಿಮುಖನಾಗಿದ್ದನು. ವಿದೇಶಕ್ಕೆ ಪಲಾಯನ ಮಾಡಿದ್ದ ಅವನನ್ನು ಮರಳಿ ಕರೆತಂದು ವಿಚಾರಣೆಗೆ ಗುರಿಪಡಿಸಲಾಯಿತು. 1718ರಲ್ಲಿ ಅವನು ಸೆರೆಯಲ್ಲಿಯೇ ಸತ್ತನು. ಮರುವರ್ಷ ಎರಡನೆಯ ಪತ್ನಿಯಲ್ಲಿ ಜನಿಸಿದ್ದ ಬಾಲಕನೂ ತೀರಿಕೊಂಡನು. ಈ ಹಿನ್ನೆಲೆಯಲ್ಲಿ 1722ರ ಫೆಬ್ರವರಿ 5ರಂದು ಪೀಟರನು ಆಳುವ ಅರಸನೇ ತನಗೆ ಸೂಕ್ತನೆನಿಸಿದವರನ್ನು ಉತ್ತರಾಧಿಕಾರಿಯನ್ನಾಗಿ ನೇಮಿಸಬಹುದೆಂಬ ಶಾಸನವನ್ನು ಹೊರಡಿಸಿದನು. ಜನ್ಮಕ್ಕಿಂತ ಯೋಗ್ಯತೆ ಮುಖ್ಯವೆಂಬುದು ಅದರ ಆಶಯ. ಆದರೆ 1725ರ ಜನವರಿ 28ರಂದು ಪೀಟರನು ಯಾರನ್ನೂ ನೇಮಿಸದೆಯೇ ನಿಧನನಾದನು. ಹಳೆಯ ಸಂಪ್ರದಾಯ ರದ್ದಾಗಿತ್ತು. ಹೊಸ ವಿಧಿ ಕಾರ್ಯಗತವಾಗಿರಲಿಲ್ಲ.

ಈ ಶೂನ್ಯವನ್ನು ತುಂಬಿದವರು ರಾಜಧಾನಿಯ ಅಂಗರಕ್ಷಕ ದಳದವರು. ಅವರ ಬೆಂಬಲದಿಂದ ಪೀಟರನ ಪತ್ನಿ ಮೊದಲನೆಯ ಕ್ಯಾಥರೀನ್ ಪಟ್ಟಕ್ಕೆ ಬಂದಳು. 1725ರಿಂದ 1762ರವರೆಗಿನ ಮೂವತ್ತೇಳು ವರ್ಷಗಳಲ್ಲಿ ಆರು ಮಂದಿ ಸಿಂಹಾಸನವೇರಿ ಇಳಿದರು. 1730ರಲ್ಲಿ ಪರಮೋಚ್ಚ ಆಪ್ತ ಮಂಡಳಿಯು ಆನಾಳಿಗೆ ಪಟ್ಟ ನೀಡುವಾಗ ಕೆಲವು ಷರತ್ತುಗಳನ್ನು ವಿಧಿಸಿತು. ಯುದ್ಧ, ಹೊಸ ತೆರಿಗೆ, ಉತ್ತರಾಧಿಕಾರಿಯ ನೇಮಕ ಇವು ಮಂಡಳಿಯ ಒಪ್ಪಿಗೆಯಿಲ್ಲದೆ ನಡೆಯುವಂತಿರಲಿಲ್ಲ. ಅರಸೊತ್ತಿಗೆಯ ಮೇಲೆ ಲಿಖಿತ ನಿರ್ಬಂಧ ಹೇರುವ ಗಮನಾರ್ಹ ಪ್ರಯತ್ನವಿದು. ಆದರೆ ಕೆಲವೇ ಕುಟುಂಬಗಳ ಪ್ರಾಬಲ್ಯಕ್ಕೆ ಹೆದರಿದ ಇತರ ಕುಲೀನರು ಆನಾಳ ಪಕ್ಷ ವಹಿಸಿದರು. ಅವಳು ಆ ಪತ್ರವನ್ನು ಹರಿದುಹಾಕಿದಳು.

ಆನಾಳ ನಂತರ ಎರಡು ತಿಂಗಳ ಕೂಸು ಆರನೆಯ ಇವಾನನಿಗೆ ಪಟ್ಟವಾಯಿತು. 1741ರ ನವೆಂಬರಿನಲ್ಲಿ ಪೀಟರನ ಮಗಳು ಎಲಿಜಬೆತ್ ಅಂಗರಕ್ಷಕರ ನೆರವಿನಿಂದ ಅವನನ್ನು ಪದಚ್ಯುತಗೊಳಿಸಿದಳು. ಏನನ್ನೂ ಅರಿಯದ ಆ ಶಿಶು ಸೆರೆಯಲ್ಲಿಯೇ ಬೆಳೆದು, 1764ರಲ್ಲಿ, ತನ್ನ ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಬಿಡುಗಡೆಯ ಯತ್ನವೊಂದು ನಡೆದಾಗ ಕಾವಲುಗಾರರಿಂದಲೇ ಹತನಾದನು. ಅಷ್ಟರಲ್ಲಿ, 1762ರ ಜೂನ್ 28ರಂದು, ಎರಡನೆಯ ಕ್ಯಾಥರೀನಳು ತನ್ನ ಪತಿ ಮೂರನೆಯ ಪೀಟರನನ್ನು ಪದಚ್ಯುತಗೊಳಿಸಿ ಸಿಂಹಾಸನವೇರಿದ್ದಳು.

ಈ ಅಸ್ಥಿರತೆಯ ಬೆಲೆಯನ್ನು ತೆತ್ತವರು ಯಾರು ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ಕುಲೀನರ ಬೆಂಬಲವಿಲ್ಲದೆ ಯಾವ ಅರಸನೂ ಉಳಿಯುವಂತಿರಲಿಲ್ಲ. 1762ರ ಫೆಬ್ರವರಿಯಲ್ಲಿ ಮೂರನೆಯ ಪೀಟರನು ಅವರನ್ನು ಕಡ್ಡಾಯ ರಾಜಸೇವೆಯಿಂದ ಮುಕ್ತಗೊಳಿಸಿದನು; 1785ರಲ್ಲಿ ಕ್ಯಾಥರೀನಳು ಅವರ ಹಕ್ಕುಗಳನ್ನು ಸನ್ನದಿನ ಮೂಲಕ ಸ್ಥಿರಪಡಿಸಿದಳು. ಜೀತರೈತರಿಗೆ ಮಾತ್ರ ಅಂತಹ ಬಿಡುಗಡೆ 1861ರವರೆಗೂ ದೊರೆಯಲಿಲ್ಲ. 1773ರಲ್ಲಿ ಕೊಸಾಕ್ ಪುಗಚೋವನು ತಾನೇ ಮೂರನೆಯ ಪೀಟರನೆಂದು ಘೋಷಿಸಿಕೊಂಡಾಗ ಅಸಂಖ್ಯ ರೈತರು ಅವನನ್ನು ಹಿಂಬಾಲಿಸಿದುದು ಅರ್ಥಪೂರ್ಣವಾಗಿದೆ. ಅರಮನೆಯ ಸಂಚಿಗೆ ಬಲಿಯಾದ ಅರಸನಲ್ಲಿ ಅವರು ತಮ್ಮ ವಿಮೋಚಕನನ್ನು ಕಂಡರು.

ತಾಯಿಯ ಆಳ್ವಿಕೆಯುದ್ದಕ್ಕೂ ಬದಿಗೆ ಸರಿಸಲ್ಪಟ್ಟಿದ್ದ ಪಾಲ್ 1797ರ ಏಪ್ರಿಲ್ 5ರಂದು, ತನ್ನ ಪಟ್ಟಾಭಿಷೇಕದ ದಿನವೇ, ಹೊಸ ಶಾಸನವನ್ನು ಪ್ರಕಟಿಸಿದನು. ಪಟ್ಟವು ಹಿರಿಯ ಮಗನಿಗೆ ಸಲ್ಲಬೇಕು. ಪುರುಷ ಸಂತತಿಯೆಲ್ಲ ಅಳಿದಾಗ ಮಾತ್ರ ಸ್ತ್ರೀಯರಿಗೆ ಹಕ್ಕು. ಬಳಿಕ ರಷ್ಯಾವನ್ನು ಯಾವ ಸ್ತ್ರೀಯೂ ಆಳಲಿಲ್ಲ. ಆದರೆ ಶಾಸನವು ಶಾಸನಕರ್ತನನ್ನು ರಕ್ಷಿಸಲಿಲ್ಲ. 1801ರ ಮಾರ್ಚಿಯಲ್ಲಿ ಪಾಲ್ ತನ್ನ ಅರಮನೆಯಲ್ಲಿಯೇ ಕೊಲೆಯಾದನು. 1825ರಲ್ಲಿ ಅಲೆಕ್ಸಾಂಡರನು ಮಡಿದಾಗ ಅವನ ತಮ್ಮ ಕಾನ್‌ಸ್ಟಂಟೈನ್ ಪಟ್ಟದ ಹಕ್ಕನ್ನು ಮೊದಲೇ ತ್ಯಜಿಸಿದ್ದ ಸಂಗತಿ ಗುಪ್ತವಾಗಿದ್ದುದರಿಂದ ಗೊಂದಲವುಂಟಾಯಿತು. ಈ ಗೊಂದಲವೇ ಡಿಸೆಂಬರ್ 14ರಂದು ಸಂವಿಧಾನವಾದಿ ಸೇನಾಧಿಕಾರಿಗಳ ದಂಗೆಗೆ ಸಂದರ್ಭವನ್ನೊದಗಿಸಿತು. ಅನಂತರ ಪಾಲನ ಕ್ರಮವು ದೃಢವಾಯಿತು. 1881ರಲ್ಲಿ ಎರಡನೆಯ ಅಲೆಕ್ಸಾಂಡರನು ಹತನಾದಾಗಲೂ ಪಟ್ಟವು ನಿರ್ವಿವಾದವಾಗಿ ಮಗನಿಗೆ ಸಂದಿತು.

1917ರ ಮಾರ್ಚ್ 2ರಂದು ಎರಡನೆಯ ನಿಕೊಲಸನು ತನ್ನ ಪರವಾಗಿ ಮಾತ್ರವಲ್ಲದೆ ರೋಗಪೀಡಿತ ಮಗನ ಪರವಾಗಿಯೂ ಪದತ್ಯಾಗ ಮಾಡಿ, ತಮ್ಮ ಮಿಖಾಯಿಲನನ್ನು ಉತ್ತರಾಧಿಕಾರಿಯೆಂದು ಹೆಸರಿಸಿದನು. ಮಗನ ಹಕ್ಕನ್ನು ತ್ಯಜಿಸುವ ಅಧಿಕಾರವನ್ನು ಪಾಲನ ಶಾಸನವು ಅರಸನಿಗೆ ನೀಡಿರಲಿಲ್ಲ. ವಂಶದ ಕೊನೆಯ ಅರಸನು ಹೀಗೆ ಪೀಟರನ ತತ್ತ್ವಕ್ಕೇ ಮರಳಿದಂತಾಯಿತು. ಆದರೆ ಸಂವಿಧಾನ ಸಭೆಯು ಕರೆದರೆ ಮಾತ್ರ ಅಧಿಕಾರ ಸ್ವೀಕರಿಸುವೆನೆಂದು ಮಿಖಾಯಿಲನು ಮರುದಿನ ತಿಳಿಸಿದನು. 1613ರಲ್ಲಿ ಆರಂಭವಾದ ರೊಮನೋವ್ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಅರಸನ ಇಚ್ಛೆಯೇ ಶಾಸನವೆಂಬ ತತ್ತ್ವವು ಅವನನ್ನು ಬಲಪಡಿಸುವಂತೆ ತೋರಿದರೂ, ವಾಸ್ತವದಲ್ಲಿ ಸಿಂಹಾಸನವನ್ನು ಸೈನಿಕರ ಬಿಡಾರಕ್ಕೆ ಒತ್ತೆಯಿಟ್ಟಿತು. ಪಾಲನು ಪಟ್ಟದ ಕ್ರಮವನ್ನು ಶಾಸನಕ್ಕೆ ಒಳಪಡಿಸಿದನೇ ಹೊರತು ಅರಸನ ಅಧಿಕಾರವನ್ನಲ್ಲ. ಆನಾ ಹರಿದ ಪತ್ರದಲ್ಲಿದ್ದ ಪ್ರಶ್ನೆಗೆ ರಷ್ಯಾದ ಸಾಮ್ರಾಜ್ಯವು ಕೊನೆಯವರೆಗೂ ಸಮರ್ಪಕ ಉತ್ತರವನ್ನು ಕಂಡುಕೊಳ್ಳಲಿಲ್ಲ.