ಕ್ವಾಂಟಮ್ ಕಂಪ್ಯೂಟರ್ ಮತ್ತು ಸೂಪರ್ ಕಂಪ್ಯೂಟರ್ ಜೋಡಣೆ: ಸದಸ್ಯರ ಮಾಹಿತಿಗಾಗಿ



ಹೊಸೂರಿನ ಸದಸ್ಯರೊಬ್ಬರು ಮೊನ್ನೆ ಫೋನ್ ಮಾಡಿ ಕೇಳಿದರು: “ಕ್ವಾಂಟಮ್ ಕಂಪ್ಯೂಟರ್ ಬಂದರೆ ಈಗಿನ ಕಂಪ್ಯೂಟರುಗಳೆಲ್ಲ ಗುಜರಿಗೆ ಹೋಗುತ್ತವಂತೆ. ಮಗಳನ್ನು ಕಂಪ್ಯೂಟರ್ ಸೈನ್ಸ್ ಬಿಡಿಸಿ ಕ್ವಾಂಟಮ್ ಕೋರ್ಸಿಗೆ ದುಡ್ಡು ಕಟ್ಟಬೇಕೇ ಸಾರ್?” ಸೊಲ್ಲಾಪುರ, ಕಾಸರಗೋಡಿನಿಂದಲೂ ಇದೇ ಪ್ರಶ್ನೆ ಬಂದಿದೆ. ಚಿಕ್ಕ ಉತ್ತರ ಇಷ್ಟೇ: ಯಾವುದೂ ಗುಜರಿಗೆ ಹೋಗುವುದಿಲ್ಲ. ಎರಡನ್ನೂ ಜೋಡಿಸಿ ದುಡಿಸುವ ಕೆಲಸ ನಡೆದಿದೆ. ವಿವರ ಕೆಳಗಿದೆ.

ಜೋಡಣೆ ಏಕೆ?

ಸಾಮಾನ್ಯ ಕಂಪ್ಯೂಟರಿನ ಬಿಟ್ 0 ಅಥವಾ 1 ಆಗಿರುತ್ತದೆ. ಕ್ವಾಂಟಮ್ ಯಂತ್ರದ ಕ್ಯೂಬಿಟ್ ಅಳೆಯುವ ತನಕ ಎರಡರ ಮಿಶ್ರ ಸ್ಥಿತಿಯಲ್ಲಿ ಇರಬಲ್ಲದು. ಅಣುವಿನೊಳಗೆ ಎಲೆಕ್ಟ್ರಾನುಗಳು ಹೇಗೆ ವರ್ತಿಸುತ್ತವೆ ಎಂಬಂಥ ಲೆಕ್ಕಗಳಿಗೆ ಇದು ಅನುಕೂಲ. ಆದರೆ ಇಂದಿನ ಕ್ಯೂಬಿಟ್‌ಗಳು ಬೇಗ ಹದಗೆಡುತ್ತವೆ, ತಪ್ಪೂ ಮಾಡುತ್ತವೆ. ಹಾಗಾಗಿ ಒಂದೇ ಲೆಕ್ಕವನ್ನು ಸಾವಿರಾರು ಸಲ ನಡೆಸಬೇಕಾಗುತ್ತದೆ. ಲೆಕ್ಕವನ್ನು ಸಿದ್ಧಪಡಿಸುವುದು, ಬಂದ ಉತ್ತರಗಳನ್ನು ಒಟ್ಟುಗೂಡಿಸುವುದು, ತಪ್ಪು ತಿದ್ದುವುದು ಸಾಮಾನ್ಯ ಕಂಪ್ಯೂಟರಿನದೇ ಕೆಲಸ. ಲೆಕ್ಕ ದೊಡ್ಡದಾದರೆ ಅದಕ್ಕೆ ಸೂಪರ್ ಕಂಪ್ಯೂಟರೇ ಬೇಕು.

ಫಿನ್‌ಲ್ಯಾಂಡಿನ ಉದಾಹರಣೆ

ಹೆಲ್ಸಿಂಕಿ ಪಕ್ಕದ ಎಸ್ಪೂ ಊರಿನಲ್ಲಿ ‘ಹೆಲ್ಮಿ’ ಎಂಬ 5 ಕ್ಯೂಬಿಟ್‌ಗಳ ಯಂತ್ರವಿತ್ತು. ನೂರಾರು ಕಿಲೋಮೀಟರ್ ಉತ್ತರದ ಕಯಾನಿಯಲ್ಲಿ, ಹಳೆಯ ಕಾಗದದ ಕಾರ್ಖಾನೆಯ ಜಾಗದಲ್ಲಿ, ‘ಲೂಮಿ’ ಸೂಪರ್ ಕಂಪ್ಯೂಟರ್ ಇದೆ. 2022ರಲ್ಲಿ ಇವೆರಡನ್ನೂ ಜೋಡಿಸಿದರು. ಸಂಶೋಧಕರು ಲೂಮಿಯಲ್ಲೇ ಕೆಲಸ ಒಪ್ಪಿಸುತ್ತಾರೆ. ಅದರಲ್ಲಿ ಕ್ವಾಂಟಮ್ ಭಾಗವಷ್ಟೇ ಜಾಲದ ಮೂಲಕ ಎಸ್ಪೂಗೆ ಹೋಗಿ ಬರುತ್ತದೆ.

ತೊಡಕು ಎಲ್ಲಿ?

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ, ಷರಾ ಹಾಕಿಸಿಕೊಂಡು ಮರಳಬೇಕು. ಹೋದ ಸಲವೆಲ್ಲ ಅದನ್ನು ರಾಶಿಯ ಅಡಿಗೆ ಹಾಕಿದರೆ ಕೆಲಸ ಮುಗಿಯುವುದು ಯಾವಾಗ? ಎರಡು ಯಂತ್ರಗಳ ನಡುವೆ ಲೆಕ್ಕ ನೂರಾರು ಸಲ ಓಡಾಡುವುದುಂಟು. ಪ್ರತಿ ಸಲವೂ ಸರತಿಯಲ್ಲಿ ನಿಂತರೆ ಸಮಯ ಹಾಳು. ಸೂಪರ್ ಕಂಪ್ಯೂಟರಿನ ಒಂದು ಭಾಗವನ್ನು ಕಾಯ್ದಿರಿಸಿ ಸುಮ್ಮನೆ ಕೂರಿಸಿದರೆ ದುಬಾರಿ ಯಂತ್ರ ದಂಡ. ಎರಡಕ್ಕೂ ಹೊಂದುವಂತೆ ಸರತಿ ನಡೆಸುವ ತಂತ್ರಾಂಶವೇ ಈ ಜೋಡಣೆಯ ಜೀವಾಳ.

ಜಾಗದ ತೊಡಕೂ ಇದೆ. ಹೆಲ್ಮಿಯಂಥ ಯಂತ್ರದ ಕ್ಯೂಬಿಟ್‌ಗಳಿಗೆ ನಿರಪೇಕ್ಷ ಶೂನ್ಯಕ್ಕೆ ತೀರ ಹತ್ತಿರದ ತಂಪು ಬೇಕು. ಅದುರುವಿಕೆ, ಕಾಂತಕ್ಷೇತ್ರ ತಟ್ಟಬಾರದು. ಸೂಪರ್ ಕಂಪ್ಯೂಟರ್ ಕೋಣೆಯಲ್ಲೋ ಪಂಪು, ಫ್ಯಾನುಗಳ ಗದ್ದಲ.

ಜಪಾನಿನ ಕೆಲಸ

2025ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಐಬಿಎಂ ಮತ್ತು ರೈಕೆನ್ ಸಂಸ್ಥೆಯವರು ಕಬ್ಬಿಣ-ಗಂಧಕದ ಅಣುಗುಚ್ಛವನ್ನು ಲೆಕ್ಕ ಹಾಕಿದರು. ಜೀವಕೋಶಗಳಲ್ಲಿ ಇಂಥ ಗುಚ್ಛಗಳಿಗೆ ಮುಖ್ಯ ಪಾತ್ರವಿದೆ. ಕ್ವಾಂಟಮ್ ಯಂತ್ರ ಎಲೆಕ್ಟ್ರಾನುಗಳ ಸಂಭವನೀಯ ಜೋಡಣೆಗಳನ್ನು ಆರಿಸಿಕೊಟ್ಟಿತು. ಅವುಗಳಲ್ಲಿನ ತಪ್ಪು ತಿದ್ದಿ, ಪೂರ್ತಿ ಲೆಕ್ಕ ಮಾಡಿದ್ದು ‘ಫುಗಾಕು’ ಸೂಪರ್ ಕಂಪ್ಯೂಟರ್. ಅದೇ ವರ್ಷ ಕೋಬೆಯಲ್ಲಿ ಫುಗಾಕು ಇರುವ ಕೇಂದ್ರದಲ್ಲೇ 156 ಕ್ಯೂಬಿಟ್‌ಗಳ ಯಂತ್ರವನ್ನು ಸ್ಥಾಪಿಸಿದರು.

ನಮ್ಮ ದೇಶದಲ್ಲಿ

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ರೂ. 6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರ್ 2022ರಿಂದ ಇರುವುದೂ ಅಲ್ಲಿಯೇ. ಹೊಸೂರಿನಿಂದ ಬಸ್ಸು ಹತ್ತಿದರೆ ಮುಟ್ಟುವ ದೂರ.

ಪೋಷಕರಿಗೆ ನನ್ನ ಅರಿಕೆ ಇಷ್ಟೆ. ಕಂಪ್ಯೂಟರ್ ಸೈನ್ಸ್ ಬಿಡಿಸಬೇಡಿ. ಈ ಜೋಡಣೆಗೆ ಬೇಕಿರುವುದೇ ಗಣಿತ, ಭೌತಶಾಸ್ತ್ರದ ಜೊತೆಗೆ ಪ್ರೋಗ್ರಾಮಿಂಗ್ ಬಲ್ಲವರು. “ಹಳೆಯದೆಲ್ಲ ಮುಗಿಯಿತು” ಎಂದು ಹೆದರಿಸಿ ಶುಲ್ಕ ಕೇಳುವವರಿಗೆ ಚೆಕ್ ಬರೆಯುವ ಮುನ್ನ ಕಾಲೇಜಿನ ಅಧ್ಯಾಪಕರನ್ನು ಒಮ್ಮೆ ವಿಚಾರಿಸಿ.

ಇಂತಿ,
ಕಾರ್ಯದರ್ಶಿ