ಕನೆಕ್ಟಿಂಗ್ ರಾಡ್ ಬೋಲ್ಟಿನ ಬಿಗಿತ ಮತ್ತು ಥ್ರೆಡ್ ಲಾಕರ್

ವರದಾ ದಂಡೆಯ ಹೊಸರಿತ್ತಿಯ ಸೀಮೆಯಲ್ಲಿ ಹೊಲ ಉಳುವ ಟ್ರ್ಯಾಕ್ಟರಿಗೂ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಚೀಲ ಹೊರುವ ಲಾರಿಗೂ ಸಮಾನವಾದ ಅಂಗವೆಂದರೆ, ಪಿಸ್ಟನ್ನಿನ ಏರಿಳಿತವನ್ನು ಕ್ರ್ಯಾಂಕಿನ ಸುತ್ತುವಿಕೆಯಾಗಿ ಮಾರ್ಪಡಿಸುವ ಕನೆಕ್ಟಿಂಗ್ ರಾಡ್. ಇದರ ದೊಡ್ಡ ತುದಿ ಎರಡು ಹೋಳಾಗಿದ್ದು, ಕೆಳಹೋಳಾದ ಕ್ಯಾಪನ್ನು ಸಾಮಾನ್ಯವಾಗಿ ಎರಡು ಬೋಲ್ಟುಗಳು ಹಿಡಿದಿರುತ್ತವೆ. ಇಂಜಿನ್ ಬಿಚ್ಚಿ ಕಟ್ಟುವಾಗ ಈ ಬೋಲ್ಟುಗಳಿಗೆ ಥ್ರೆಡ್ ಲಾಕರ್, ಅಂದರೆ ತಿರುಪಿನ ಸಂದಿನಲ್ಲಿ ಗಟ್ಟಿಯಾಗುವ ಅಂಟು, ಹಚ್ಚಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಬಿಗಿದ ಬೋಲ್ಟು ಸ್ಪ್ರಿಂಗಿನಂತೆ ತುಸು ಹಿಗ್ಗಿ, ಮರಳಿ ಕುಗ್ಗಲು ಹವಣಿಸುವ ಬಲದಿಂದಲೇ ಕ್ಯಾಪನ್ನು ಒತ್ತಿ ಹಿಡಿಯುತ್ತದೆ. ಈ ಬಲವನ್ನು ಪೂರ್ವಬಿಗಿತ ಎನ್ನಬಹುದು. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಹೊಗೆ ಹೊರದೂಡಿ ಮೇಲೇರಿದ ಪಿಸ್ಟನ್ನನ್ನು ತಡೆದು ಕೆಳಗೆಳೆಯುವ ಹೊರೆ ಈ ಬೋಲ್ಟುಗಳ ಮೇಲೆಯೇ ಬೀಳುತ್ತದೆ. ವೇಗ ಇಮ್ಮಡಿಸಿದರೆ ಆ ಸೆಳೆತ ನಾಲ್ಮಡಿಸುತ್ತದೆ. ಪೂರ್ವಬಿಗಿತ ಸಾಲದಿದ್ದಾಗ ಪ್ರತಿ ಸುತ್ತಿನಲ್ಲೂ ಬೋಲ್ಟು ಜಗ್ಗಿಸಿಕೊಂಡು, ಲೋಹ ದಣಿದು, ಕೊನೆಗೆ ತುಂಡಾಗುತ್ತದೆ. ಅಂಟು ತಿರುಪು ಬಿಚ್ಚದಂತೆ ತಡೆದೀತೇ ಹೊರತು ಇಲ್ಲದ ಬಿಗಿತವನ್ನು ತಂದುಕೊಡಲಾರದು. ಅಡ್ಡ ಅದುರುವಿಕೆಯಿಂದ ಜೋಡಣೆ ಜಾರಿದಾಗಲೇ ಬೋಲ್ಟು ತಾನಾಗಿ ಸಡಿಲುತ್ತದೆಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿದ್ದು ಈ ಮಾತಿಗೆ ಬಲವಾದ ಆಧಾರ. ಸಾಕಷ್ಟು ಬಿಗಿತವಿದ್ದಲ್ಲಿ ಆ ಜಾರುವಿಕೆಯೇ ಇರದು.

ಇನ್ನೊಂದು ತೊಡಕು ಘರ್ಷಣೆಯದು. ಪಾನಾ ತಿರುಗಿಸುವ ಬಲದಲ್ಲಿ ಸುಮಾರು 90% ಬೋಲ್ಟಿನ ತಲೆಯಡಿಯ ಮತ್ತು ತಿರುಪಿನ ಘರ್ಷಣೆಗೇ ವ್ಯಯವಾಗಿ, ಹತ್ತರಲ್ಲೊಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಹಸಿ ಅಂಟು ಈ ಘರ್ಷಣೆಯನ್ನು ಬದಲಿಸುವುದರಿಂದ, ಒಣ ಅಥವಾ ಎಣ್ಣೆ ಸವರಿದ ತಿರುಪಿಗೆಂದು ಕೈಪಿಡಿ ನಿಗದಿಪಡಿಸಿದ ಟಾರ್ಕ್, ಅಂದರೆ ತಿರುಗಿಸುವ ಬಲದ ಅಳತೆ, ಅದಕ್ಕೆ ಹೊಂದದೆ, ಬಿಗಿತ ಹೆಚ್ಚೋ ಕಡಿಮೆಯೋ ಆಗುತ್ತದೆ.

1953ರಲ್ಲಿ ಅಮೆರಿಕದ ರಸಾಯನ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ರೂಪಿಸಿದ ಈ ಅಂಟು ಗಾಳಿಯಿಲ್ಲದೆಡೆ, ಲೋಹದ ಸ್ಪರ್ಶದಲ್ಲಿ ಗಟ್ಟಿಯಾಗುತ್ತದೆ. ಎಣ್ಣೆಯ ಪಸೆ ಅದರ ಹಿಡಿತವನ್ನು ಕುಗ್ಗಿಸುತ್ತದೆ. ಹೆಚ್ಚು ಬಲದ ಬಗೆಯನ್ನು ಬಿಚ್ಚಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾಯಿಸಬೇಕಾಗುವುದರಿಂದ, ಬೇರಿಂಗಿನ ಪಕ್ಕದಲ್ಲಿ ಅದು ಸಲ್ಲದ ಕೆಲಸ. ಹಳೆಯ ಇಂಜಿನ್ನುಗಳ ಕೈಪಿಡಿ ಸ್ಪ್ಲಿಟ್ ಪಿನ್ನನ್ನೋ ಲಾಕ್ ಪ್ಲೇಟನ್ನೋ ಕೇಳಿದರೆ ಅವುಗಳ ಬದಲಿಗೆ ಅಂಟು ನಿಲ್ಲದು. ಕೋನ ಅಳೆದು ಬಿಗಿಯುವ, ಒಮ್ಮೆ ಹಿಗ್ಗಿದರೆ ಮರುಬಳಕೆಗೆ ಸಲ್ಲದ ಬೋಲ್ಟುಗಳನ್ನಂತೂ ಹೊಸದಾಗಿಯೇ ಹಾಕಬೇಕು.

ಆದ್ದರಿಂದ ತಯಾರಕರ ಕೈಪಿಡಿ ಸ್ಪಷ್ಟವಾಗಿ ಹೇಳದ ಹೊರತು ಈ ಬೋಲ್ಟುಗಳಿಗೆ ಅಂಟು ಹಚ್ಚಬಾರದು. ಹಾವೇರಿ, ರಾಣೆಬೆನ್ನೂರಿನ ಗ್ಯಾರೇಜುಗಳ ಮೇಸ್ತ್ರಿಗಳು ಅಂಟಿನ ಬಾಟಲಿಗಿಂತ ಮೊದಲು ಸರಿಯಾಗಿ ಅಳೆಯುವ ಟಾರ್ಕ್ ರೆಂಚನ್ನು ಕೊಳ್ಳಬೇಕು.